ರವಿಕೆಯ ತೋಳು

ನಮ್ಮ ಅಕ್ಕನಿಗೆ ಕಾಯಿಲೆಯಿದೆಯೆಂದು ಮೊದಲು ತಿಳಿದದ್ದು ಡಾಕ್ಟರಿಗೆ. ಅವಳು ಒಳಗೊಳಗೇ ಕರಗುತ್ತಿದ್ದಾಳೆಂದು ಮೊದಲು ತಿಳಿದದ್ದು ಮಾತ್ರ ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಹೆಂಗಸಿಗೆ.

2013ರ ಮಾತು. ಅಕ್ಕನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿ, ಆಪರೇಷನ್ ಆಗಿ, ಕೀಮೋ ನಡೆಯುತ್ತಿತ್ತು. ನಡುವೆಯೇ ಅವಳ ಮಗನ ಮದುವೆ. ಮುಂದಕ್ಕೆ ಹಾಕೋಣವೆಂದು ಭಾವ ಹೇಳಿದರೆ ಅಕ್ಕ ಒಪ್ಪಲಿಲ್ಲ. "ನಾನಿರೋವಾಗಲೇ ಆಗಿಬಿಡಲಿ" ಎಂದು ನಗುತ್ತಲೇ ಹೇಳಿದಳು. ಹೊಸ ರೇಷ್ಮೆ ಸೀರೆಯ ರವಿಕೆಗೆ ಅಳತೆಯೆಂದು ಹಳೆಯದೊಂದನ್ನು ಕೊಟ್ಟುಬಂದಿದ್ದೆ. ಹೊಲಿದಾದ ಮೇಲೆ ಅಕ್ಕ ತೊಟ್ಟು ನೋಡಿದರೆ ಎದೆಯ ಸುತ್ತಳತೆ ಸರಿಯಾಗಿದೆ, ಹೊಟ್ಟೆಯ ಹತ್ತಿರ ಸರಿಯಾಗಿದೆ, ತೋಳು ಮಾತ್ರ ಜೋಲಾಡುತ್ತಿದೆ. ಮತ್ತೆ ತೆಗೆದುಕೊಂಡು ಹೋದೆ. ಆಕೆ ಎರಡು ಕಡೆಯೂ ಹಿಡಿದು ಹೊಲಿದು, "ಟೀಚರಮ್ಮ, ಅಕ್ಕಾವ್ರ ಮೈ ಹಂಗೇ ಐತೆ, ತೋಳು ಒಂದೂವರೆ ಇಂಚು ಇಳಿದೈತಲ್ಲ, ಯಾಕೆ?" ಎಂದು ಕೇಳಿದಳು. ನಾನು ಏನೋ ಹೇಳಿ ದುಡ್ಡು ಕೊಟ್ಟು ಬಂದೆ.

ಆಸ್ಪತ್ರೆಯಲ್ಲಿ ಪ್ರತಿ ಸಲವೂ ಅಕ್ಕನನ್ನು ತೂಕ ಮಾಡುತ್ತಿದ್ದರು. ಕಾಯಿಲೆಗೆ ಮೊದಲು 72 ಕಿಲೋ ಇದ್ದವಳು ಆಗ 71. ಐದಡಿ ಎತ್ತರದ ಹೆಂಗಸಿಗೆ ಅದು ಧಾರಾಳವಾದ ತೂಕವೇ. "ತೂಕ ಉಳಿಸಿಕೊಂಡಿದ್ದೀರಿ, ಒಳ್ಳೇದು" ಎಂದು ಅಲ್ಲಿಯವರು ಹೇಳಿದಾಗ ನನಗೆ ನಾನೇ ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷ. ಮದುವೆಗೆ ಬಂದ ನೆಂಟರೆಲ್ಲ "ಕ್ಯಾನ್ಸರ್ ಬಂದೋರ ಹಾಗೆ ಕಾಣೋದೇ ಇಲ್ಲ, ಮೈಕೈ ತುಂಬಿಕೊಂಡು ಲಕ್ಷಣವಾಗಿದೀಯ" ಎಂದರು. ಮೈ ತುಂಬಿತ್ತು ನಿಜ. ಕೈ ತುಂಬಿರಲಿಲ್ಲ. ಹಸಿರು ಬಳೆ ತೊಡಿಸುವಾಗ ಬಳೆಗಾರ್ತಿ ಹಳೆಯ ಅಳತೆಗಿಂತ ಒಂದು ಸೈಜು ಕಡಿಮೆಯದನ್ನೇ ಆರಿಸಿದ್ದಳು.

ಮರುವರ್ಷ ದೀಪಾವಳಿಗೆ ಮೊದಲೇ ಅಕ್ಕ ಹೋದಳು. ಟೈಲರ್ ಹೆಂಗಸಿನ "ಯಾಕೆ?" ಮಾತ್ರ ನನ್ನ ಹತ್ತಿರವೇ ಉಳಿಯಿತು. ನಾನು ವಿಜ್ಞಾನದ ಟೀಚರಲ್ಲ. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು. ಯಾವ ವಿಷಯ ಎದುರಾದರೂ "ಇದು ಯಾವಾಗಿನಿಂದ? ಅದಕ್ಕೆ ಮೊದಲು ಏನಿತ್ತು?" ಎಂದು ಕೇಳುವುದು ನಮ್ಮಂಥವರ ಚಾಳಿ. ಮನುಷ್ಯರು ಮೈಯನ್ನು ಅಳೆಯಲು ಕಲಿತದ್ದು ಹೇಗೆ, ಆ ಅಳತೆಗಳು ನಮ್ಮಕ್ಕನಂಥವಳ ತೋಳನ್ನು ಹೇಗೆ ತಪ್ಪಿಸಿಕೊಂಡವು ಎಂಬುದನ್ನು ಓದುತ್ತ ಹೋದೆ. ತಿಳಿದವರನ್ನು ಕೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಹುಕಾಲ ವೈದ್ಯರಿಗೆ ಇದ್ದ ಅಳತೆಗೋಲು ಕಣ್ಣೊಂದೇ. ರೋಗದಲ್ಲಿ ಮೈ ಸೊರಗಿಹೋಗುವುದನ್ನು ಗ್ರೀಕರು ಕ್ಯಾಕೆಕ್ಸಿಯ ಎಂದರು. ಕೆಟ್ಟ ಸ್ಥಿತಿ ಎಂದು ಅದರರ್ಥ. ಕ್ಯಾನ್ಸರ್ ರೋಗಿಗಳು ಸೊರಗುವುದಕ್ಕೆ ಇಂದಿಗೂ ಡಾಕ್ಟರುಗಳು ಬಳಸುವುದು ಆ ಹೆಸರನ್ನೇ. ನಮ್ಮ ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಅತಿ ದಪ್ಪದವರನ್ನೂ ಅತಿ ಕೃಶರನ್ನೂ ಕುರಿತ ಒಂದು ಅಧ್ಯಾಯವೇ ಇದೆ. ಸ್ಥೂಲಕಾಯರ ಚಿಕಿತ್ಸೆಯೇ ಹೆಚ್ಚು ಕಷ್ಟವೆಂದು ಹೇಳಿ, ಮೈಯಲ್ಲಿ ಮಾಂಸ ಸಮಪ್ರಮಾಣದಲ್ಲಿದ್ದು ಕಟ್ಟು ಗಟ್ಟಿಯಾಗಿರುವವನನ್ನು ರೋಗಗಳು ಸುಲಭವಾಗಿ ಮಣಿಸಲಾರವು ಎನ್ನುತ್ತದೆ ಆ ಗ್ರಂಥ. ಕೊಬ್ಬು ಬೇರೆ, ಮಾಂಸ ಬೇರೆ ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿಯೇ ಇದೆ. ಹಾಗೆಂದು ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಅವರು ಕಂಡಿದ್ದರು, ಅಳೆದಿರಲಿಲ್ಲ. ಎರಡಕ್ಕೂ ಬಹಳ ಅಂತರವಿದೆ.

ತಕ್ಕಡಿಯ ಕಥೆ ಶುರುವಾಗುವುದು ಇಟಲಿಯಲ್ಲಿ. ಪಾದುವಾದಲ್ಲಿ ಪ್ರಾಧ್ಯಾಪಕನಾಗಿದ್ದ ಸಾಂತೋರಿಯೋ ಎಂಬ ವೈದ್ಯ ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿ ತೂಗುಹಾಕಿ, ಅದರಲ್ಲೇ ಕುಳಿತು ಉಂಡು, ತಿಂದದ್ದನ್ನೂ ಮೈಯಿಂದ ಹೊರಹೋದದ್ದನ್ನೂ ಸುಮಾರು ಮೂವತ್ತು ವರ್ಷ ತೂಕ ಮಾಡಿದನಂತೆ. ಅವನ ಪುಸ್ತಕ 1614ರಲ್ಲಿ ಬಂತು. ಅವನ ಮನೆಯಲ್ಲಿ ಅಡಿಗೆ ಮಾಡುತ್ತಿದ್ದವರ ತಾಳ್ಮೆಯ ಬಗ್ಗೆ ಯಾರೂ ಪುಸ್ತಕ ಬರೆದ ಹಾಗಿಲ್ಲ. ಅದಾದ ಇನ್ನೂರು ವರ್ಷದ ಮೇಲೆ, 1830ರ ದಶಕದಲ್ಲಿ, ಬೆಲ್ಜಿಯಂನ ಕೆಟಲೆ ಎಂಬ ಖಗೋಳ ಶಾಸ್ತ್ರಜ್ಞ ನಕ್ಷತ್ರಗಳನ್ನು ಬಿಟ್ಟು ಮನುಷ್ಯರನ್ನು ಅಳೆಯತೊಡಗಿದ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ ಅವನದು. ಅವನಿಗೆ ಬೇಕಾಗಿದ್ದದ್ದು ಸರಾಸರಿ ಮನುಷ್ಯನ ಲೆಕ್ಕವೇ ಹೊರತು ಒಬ್ಬೊಬ್ಬರ ಆರೋಗ್ಯವಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬಾತ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟ. ಬಿ.ಎಂ.ಐ. ಎಂದು ಈಗ ಪ್ರತಿ ಕ್ಲಿನಿಕ್ಕಿನ ಗೋಡೆಯ ಮೇಲೂ ತೂಗುಹಾಕಿರುತ್ತಾರಲ್ಲ, ಅದು ಇದೇ. ಅಕ್ಕನದು 31. ಆ ಪಟ್ಟಿಯ ಪ್ರಕಾರ ಅವಳು ಬೊಜ್ಜಿನವಳು, ಅಷ್ಟೇ.

ಕ್ಯಾನ್ಸರಿನಲ್ಲಿ ಜನ ಸಾಯುವುದು ಯಾವುದರಿಂದ ಎಂದು 1932ರಲ್ಲಿ ಅಮೆರಿಕದ ಶೀಲ್ಡ್ಸ್ ವಾರೆನ್ ಎಂಬ ವೈದ್ಯ 500 ಶವಪರೀಕ್ಷೆಗಳನ್ನು ಆಧರಿಸಿ ಬರೆದಾಗ, ಸೊರಗುವಿಕೆಯೇ ಒಂದು ದೊಡ್ಡ ಕಾರಣವಾಗಿ ಕಂಡಿತ್ತು. 1980ರಲ್ಲಿ ಡೆವಿಸ್ ಮತ್ತು ಸಂಗಡಿಗರು 3,047 ರೋಗಿಗಳ ದಾಖಲೆ ನೋಡಿ, ಕೀಮೋ ಶುರುವಾಗುವ ಮೊದಲೇ ತೂಕ ಇಳಿದವರು ಉಳಿದವರಷ್ಟು ಕಾಲ ಬದುಕಲಿಲ್ಲವೆಂದು ತೋರಿಸಿದರು. ಅಲ್ಲಿಂದ ಮುಂದೆ ತೂಕದ ಮುಳ್ಳಿಗೆ ಮರ್ಯಾದೆ ಹೆಚ್ಚಿತು. ತಪ್ಪೇನಲ್ಲ. ತೂಕ ಇಳಿಯುವುದು ಕೆಟ್ಟ ಸೂಚನೆಯೆಂಬುದು ಇಂದಿಗೂ ನಿಜವೇ. ಆದರೆ ತೂಕ ಇಳಿಯದವರ ಕಥೆ ಏನು? ಮುಳ್ಳಿಗೆ ಕೊಬ್ಬೂ ಒಂದೇ, ಮಾಂಸಖಂಡವೂ ಒಂದೇ, ಹೊಟ್ಟೆಯಲ್ಲಿ ತುಂಬಿದ ನೀರೂ ಒಂದೇ. ಅಕ್ಕಿಯ ಮೂಟೆಯಲ್ಲಿ ಯಾರೋ ದಿನಕ್ಕೊಂದು ಸೇರು ಅಕ್ಕಿ ತೆಗೆದು ಅಷ್ಟೇ ತೂಕದ ಹೊಟ್ಟು ತುಂಬುತ್ತಿದ್ದರೆ ತಕ್ಕಡಿಗೆ ಹೇಗೆ ಗೊತ್ತಾಗಬೇಕು?

ಮೈಯೊಳಗನ್ನು ನೋಡುವ ಕಿಟಕಿ ತೆರೆದದ್ದು ಒಬ್ಬ ಹೆಂಗಸಿನ ಕೈಯಿಂದ. 1895ರ ಡಿಸೆಂಬರ್ 22ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ರಾಂಟ್‌ಜೆನ್ ತನ್ನ ಹೆಂಡತಿ ಬೆರ್ತಾಳ ಕೈಯನ್ನು ಹೊಸ ಕಿರಣಗಳ ಕೆಳಗಿಟ್ಟು ಚಿತ್ರ ತೆಗೆದ. ಬೆರಳಿನ ಎಲುಬು ಸ್ಪಷ್ಟ, ಉಂಗುರ ಸ್ಪಷ್ಟ. ತನ್ನ ಎಲುಬನ್ನು ತಾನೇ ನೋಡಿ, ಸಾವನ್ನೇ ಕಂಡಂತಾಯಿತೆಂದು ಆಕೆ ಬೆದರಿದಳೆಂದು ಹೇಳುತ್ತಾರೆ. ಆ ಚಿತ್ರವನ್ನು ನಾನು ಎಷ್ಟೋ ಸಲ ಪಠ್ಯಪುಸ್ತಕದಲ್ಲಿ ನೋಡಿದ್ದೆ. ಈಚೆಗೆ ನೋಡಿದಾಗ ಕಣ್ಣಿಗೆ ಬಿದ್ದದ್ದೇ ಬೇರೆ. ಎಲುಬಿನ ಸುತ್ತ ಮಸುಕಾದ ಒಂದು ನೆರಳಿದೆ. ಅದೇ ಮಾಂಸ. ಪಾತ್ರೆ ತಿಕ್ಕಿದ್ದು, ಹಿಟ್ಟು ನಾದಿದ್ದು, ಮಗು ಎತ್ತಿಕೊಂಡದ್ದು ಎಲ್ಲ ಆ ನೆರಳೇ. ಎಕ್ಸ್‌ರೇ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮುಂದಿನ ಎಪ್ಪತ್ತೈದು ವರ್ಷ ಹಾಗೆಯೇ ಕಳೆಯಿತು.

ನೆರಳಿಗೆ ಬೆಲೆ ಕಟ್ಟಿದವನು ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಈ ಮನುಷ್ಯನ ಕಥೆಯನ್ನು ನಾನು ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗರಿಗಾಗಿಯೇ ಹೇಳುತ್ತಿದ್ದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಂಷೈರಿನ ಹಳ್ಳಿಯೊಂದರಲ್ಲಿ, ರೈತನ ಮನೆಯಲ್ಲಿ, 1919ರಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ತಾನೇ ಮಾಡಿದ ರೆಕ್ಕೆ ಕಟ್ಟಿಕೊಂಡು ಹುಲ್ಲಿನ ಬಣವೆಯ ಮೇಲಿನಿಂದ ಹಾರಲು ಹೋಗುತ್ತಿದ್ದ. ವಿಶ್ವವಿದ್ಯಾಲಯದ ಪದವಿಯಿಲ್ಲ, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾತ್ರ. ಕೆಲಸ ಇ.ಎಂ.ಐ. ಕಂಪನಿಯಲ್ಲಿ. ಬೀಟಲ್ಸ್ ತಂಡದ ಗ್ರಾಮಫೋನ್ ಪ್ಲೇಟುಗಳನ್ನು ಮಾಡುತ್ತಿದ್ದ ಅದೇ ಕಂಪನಿ. ಒಂದೇ ಕಡೆಯಿಂದ ತೆಗೆದ ಎಕ್ಸ್‌ರೇಯಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಸುತ್ತಲೂ ಎಲ್ಲ ಕೋನಗಳಿಂದ ತೆಗೆದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದರೆ ಒಳಗಿನ ಒಂದೊಂದು ಚುಕ್ಕೆಯೂ ಎಷ್ಟು ಸಾಂದ್ರವೆಂದು ತಿಳಿಯುತ್ತದಲ್ಲವೇ ಎಂಬುದು ಅವನಿಗೆ 1967ರ ಹೊತ್ತಿಗೆ ಹೊಳೆದ ಯೋಚನೆ. ಮೊದಲ ಪ್ರಯೋಗದಲ್ಲಿ ಒಂದು ವಸ್ತುವನ್ನು ಸುತ್ತಿ ಅಳೆಯಲು ಒಂಬತ್ತು ದಿನ ಹಿಡಿಯಿತು. ಆಮೇಲೆ ಕಸಾಯಿಖಾನೆಯಿಂದ ಎತ್ತಿನ ಮೆದುಳು ತಂದು ಪರೀಕ್ಷಿಸಿದ.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಹೀಗೆ ನೋಡಿದರು. ಅವಳೂ ಒಬ್ಬ ಹೆಂಗಸೇ, ಮೆದುಳಿನಲ್ಲಿ ಗಡ್ಡೆಯ ಅನುಮಾನವಿದ್ದವಳು. ಚಿತ್ರದ ಲೆಕ್ಕವನ್ನು ಟೇಪಿನಲ್ಲಿ ತುಂಬಿ ಕಂಪನಿಯ ಕಂಪ್ಯೂಟರಿಗೆ ಒಯ್ದು ಮತ್ತೆ ಆಸ್ಪತ್ರೆಗೆ ತರಬೇಕಾಯಿತು. ಅದರಲ್ಲಿ ಗಡ್ಡೆ ಕಂಡಿತು. ಹೌನ್ಸ್‌ಫೀಲ್ಡನಿಗೂ, ಇದೇ ಲೆಕ್ಕವನ್ನು ಬೇರೆಯಾಗಿಯೇ ಮಾಡಿದ್ದ, ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋಗಿದ್ದ ಆಲನ್ ಕಾರ್ಮಾಕನಿಗೂ 1979ರಲ್ಲಿ ನೊಬೆಲ್ ಬಹುಮಾನ ಬಂತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಬಹುಮಾನವಲ್ಲ, ಹೌನ್ಸ್‌ಫೀಲ್ಡನ ಹೆಸರಿನ ಅಳತೆ. ಸಿ.ಟಿ. ಸ್ಕ್ಯಾನಿನ ಪ್ರತಿ ಚುಕ್ಕೆಗೂ ಒಂದು ಅಂಕಿ ಇರುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕಡಿಮೆ, ಗಟ್ಟಿ ಎಲುಬಿಗೆ ನೂರಾರು. ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಸೊನ್ನೆಯ ಕೆಳಗೆ, ಮಾಂಸಖಂಡ ಬಹುಪಾಲು ಸೊನ್ನೆಯ ಮೇಲೆ. ಅಂದರೆ, ಎರಡೂ ಬೂದು ಬಣ್ಣವೇ ಆದರೂ ಯಂತ್ರಕ್ಕೆ ಅವು ಬೇರೆ ಬೇರೆ. ತಕ್ಕಡಿಗೆ ಸಾಧ್ಯವಾಗದಿದ್ದ ಅಕ್ಕಿ-ಹೊಟ್ಟಿನ ಭೇದ ಇಲ್ಲಿ ಮೊದಲ ಸಲ ಸಾಧ್ಯವಾಯಿತು. ಆದರೂ ಸ್ಕ್ಯಾನನ್ನು ನೋಡುವವರು ಗಡ್ಡೆಯನ್ನು ನೋಡುತ್ತಿದ್ದರೇ ಹೊರತು ಅದರ ಸುತ್ತಲಿನ ಮನುಷ್ಯಳನ್ನಲ್ಲ. ಇದನ್ನು ನಾನು ದೂರಿನಂತೆ ಹೇಳುತ್ತಿಲ್ಲ. ಕಳ್ಳನನ್ನು ಹುಡುಕಲು ಮನೆಗೆ ಬಂದವರು ಅಡಿಗೆಮನೆಯ ಡಬ್ಬ ತೆರೆದು ಬೇಳೆ ಎಷ್ಟಿದೆಯೆಂದು ನೋಡುವುದಿಲ್ಲ.

ಇದರ ನಡುವೆ ಇನ್ನೊಂದು ಕಡೆ ಒಂದು ನಾಮಕರಣ ನಡೆಯಿತು. ವಯಸ್ಸಾದಂತೆ ಮಾಂಸಖಂಡ ಕರಗುವುದನ್ನು ಕುರಿತು 1988ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ನಡೆದ ಸಭೆಯಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯರು, ಹೆಸರಿಲ್ಲದ್ದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಇದಕ್ಕೊಂದು ಗ್ರೀಕ್ ಹೆಸರು ಬೇಕು ಎಂದರು. ಅವರು ಸೂಚಿಸಿದ ಹೆಸರು ಸಾರ್ಕೊಪೀನಿಯ. ಸಾರ್ಕ್ಸ್ ಎಂದರೆ ಮಾಂಸ, ಪೀನಿಯ ಎಂದರೆ ಬಡತನ. ಓದಿ ನನಗೆ ಆಶ್ಚರ್ಯವಾಯಿತು. ನಮ್ಮ ಕಡೆ ಬಹಳ ದಿನದ ಮೇಲೆ ಕಂಡವರನ್ನು "ಯಾಕೇ, ಬಡವಾಗಿದ್ದೀಯಲ್ಲ?" ಎಂದು ಕೇಳುವುದಿಲ್ಲವೇ? ಮೈಯ ಬಡತನಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಅದೇ ಮಾತು. ಆದರೆ ಆ ಮಾತನ್ನು ನಾವು ಸಣ್ಣಗಾದವರಿಗೆ ಮಾತ್ರ ಹೇಳುತ್ತೇವೆ. ದಪ್ಪಗಿದ್ದೂ ಬಡವಾಗಿರಬಹುದೆಂದು ನಮಗೆ ಹೊಳೆಯುವುದಿಲ್ಲ.

ದಪ್ಪಗಿದ್ದೂ ಬಡವಾದವರನ್ನು ಕಂಡುಹಿಡಿದದ್ದು ಕೆನಡಾದ ಆಲ್ಬರ್ಟಾ ಪ್ರಾಂತದ ಎಡ್ಮಂಟನ್ ನಗರದಲ್ಲಿ. ಅದಕ್ಕೊಂದು ಸಿದ್ಧತೆ ಆಗಲೇ ನಡೆದಿತ್ತು. ಇಡೀ ದೇಹದ ಮಾಂಸಖಂಡ ಎಷ್ಟೆಂದು ತಿಳಿಯಲು ಅಡಿಯಿಂದ ಮುಡಿಯವರೆಗೆ ಚಿತ್ರ ತೆಗೆಯಬೇಕಾಗಿಲ್ಲ, ಹೊಟ್ಟೆಯ ಮಟ್ಟದ ಒಂದೇ ಒಂದು ಅಡ್ಡಕೊಯ್ತದ ಚಿತ್ರ ಸಾಕು ಎಂದು 2004ರಲ್ಲಿ 328 ಆರೋಗ್ಯವಂತರ ಮೇಲೆ ನಡೆದ ಅಧ್ಯಯನ ತೋರಿಸಿತ್ತು. ಸೊಂಟದ ಬೆನ್ನೆಲುಬಿನ ಐದು ಮಣಿಗಳಲ್ಲಿ ಮೂರನೆಯದರ ಮಟ್ಟ, ಹೆಚ್ಚುಕಡಿಮೆ ನಾವು ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ಸ್ವಲ್ಪ ಮೇಲೆ. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ.

ಎಡ್ಮಂಟನ್ನಿನ ವಿಕಿ ಬರಾಕೋಸ್ ಎಂಬ ವಿಜ್ಞಾನಿಗೂ, ಅಲ್ಲಿ ಸಂಶೋಧನೆಗೆಂದು ಬ್ರೆಜಿಲಿನಿಂದ ಬಂದಿದ್ದ ಕಾರ್ಲಾ ಪ್ರಾಡೊಗೂ (ಇಬ್ಬರೂ ಹೆಂಗಸರು ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ) ಹೊಸ ಯಂತ್ರವೇನೂ ಬೇಕಾಗಲಿಲ್ಲ. ಕ್ಯಾನ್ಸರ್ ರೋಗಿಗಳಿಗೆ ಗಡ್ಡೆ ನೋಡಲೆಂದು ಹೇಗೂ ಸ್ಕ್ಯಾನ್ ತೆಗೆದಿರುತ್ತಾರೆ. ಮೂರನೆಯ ಮಣಿಯ ಚಿತ್ರ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಬಿದ್ದಿದೆ. ಅದರ ಮೇಲೆ ಮಾಂಸಖಂಡದ ಸುತ್ತ ಗೆರೆ ಎಳೆದು ಎಷ್ಟು ಚದರ ಸೆಂಟಿಮೀಟರ್ ಎಂದು ಲೆಕ್ಕ ಹಾಕಿ, ಎತ್ತರದ ವರ್ಗದಿಂದ ಭಾಗಿಸಿದರೆ ಆಯಿತು. ಅವರು ಶ್ವಾಸಕೋಶದ ಮತ್ತು ಜೀರ್ಣಾಂಗಗಳ ಕ್ಯಾನ್ಸರಿದ್ದ 2,115 ರೋಗಿಗಳಲ್ಲಿ ಬಿ.ಎಂ.ಐ. 30 ಅಥವಾ ಹೆಚ್ಚಿದ್ದ 325 ಜನರನ್ನು ಆರಿಸಿಕೊಂಡರು. ಅವರಲ್ಲಿ 250 ಜನರ ಸ್ಕ್ಯಾನ್ ಅಳೆಯುವಂತಿದ್ದವು. ಆ 250ರಲ್ಲಿ 38 ಮಂದಿ, ಹೊರಗೆ ದಪ್ಪವಾಗಿ ಕಾಣುತ್ತಲೇ, ಒಳಗೆ ಮಾಂಸಖಂಡದಲ್ಲಿ ತೀರ ಬಡವರಾಗಿದ್ದರು. ಈ ಬಡವರು ಬದುಕಿದ್ದ ಕಾಲ ಮಧ್ಯದ ಲೆಕ್ಕದಲ್ಲಿ ಸುಮಾರು 11 ತಿಂಗಳು. ಅಷ್ಟೇ ದಪ್ಪಗಿದ್ದು ಮಾಂಸಖಂಡ ಉಳಿಸಿಕೊಂಡಿದ್ದವರದು ಸುಮಾರು 21 ತಿಂಗಳು. ಹತ್ತು ತಿಂಗಳ ಅಂತರ. ಈ ವರದಿ 2008ರಲ್ಲಿ ಪ್ರಕಟವಾಯಿತು.

ಹತ್ತು ತಿಂಗಳೆಂದರೆ ಎಷ್ಟು ಎಂದು ಕಾಯಿಲೆಯ ಮನೆಯವರನ್ನು ಕೇಳಬೇಕು. ಮೊಮ್ಮಗುವಿನ ನಾಮಕರಣ ನೋಡುವಷ್ಟು ಕಾಲ.

ಅವರು ಹೆಂಗಸರಿಗೆ ಹಾಕಿದ ಗಡಿ, ಎತ್ತರದ ಪ್ರತಿ ಚದರ ಮೀಟರಿಗೆ 38.5 ಚದರ ಸೆಂಟಿಮೀಟರ್. ಐದಡಿಯ ಅಕ್ಕನಿಗೆ ಈ ಲೆಕ್ಕ ಮಾಡಿದೆ. 89 ಬಂತು. ಅಂಚೆ ಕಾರ್ಡು ಗೊತ್ತಲ್ಲ? ಅದು 14 ಸೆಂಟಿಮೀಟರ್ ಉದ್ದ, 9 ಅಗಲ, ಅಂದರೆ 126. ಕಾರ್ಡಿನಲ್ಲಿ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅಷ್ಟು ಮಾಂಸ ಆ ಮಟ್ಟದಲ್ಲಿ ಇರಬೇಕು, ಇಲ್ಲದಿದ್ದರೆ ಬಡವಿ.

ಯಾಕೆ ಹೀಗೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ರೋಗದ ಉರಿಯೂತವೇ ಮಾಂಸಖಂಡವನ್ನು ತಿನ್ನುತ್ತದೆ, ಆದ್ದರಿಂದ ಬಡತನ ರೋಗದ ಉಗ್ರತೆಯ ಗುರುತೂ ಇರಬಹುದು. ಮಾಂಸಖಂಡ ಮೈಯ ಪ್ರೋಟೀನಿನ ಕಣಜ; ಆಪರೇಷನ್ನು, ಸೋಂಕು ಬಂದಾಗ ದೇಹ ಅಲ್ಲಿಂದಲೇ ತೆಗೆದು ಖರ್ಚು ಮಾಡಬೇಕು. ಇನ್ನೊಂದು ಕಾರಣ ಔಷಧದ ಪ್ರಮಾಣ, ಅದಕ್ಕೂ ಒಂದು ಚರಿತ್ರೆಯಿದೆ. ಅನೇಕ ಕೀಮೋ ಔಷಧಗಳನ್ನು ಮೈಯ ಮೇಲ್ಮೈ ಎಷ್ಟು ಚದರ ಮೀಟರ್ ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಎತ್ತರ, ತೂಕಗಳಿಂದ ಅದನ್ನು ಲೆಕ್ಕ ಹಾಕುವ ಹೆಸರಾಂತ ಸೂತ್ರ ಡು ಬಾಯ್ ಎಂಬ ಹೆಸರಿನ ಇಬ್ಬರು 1916ರಲ್ಲಿ ಮಾಡಿದ್ದು. ಅವರು ಮೈಯ ಅಚ್ಚು ತೆಗೆದು ಅಳೆದದ್ದು ಒಂಬತ್ತೇ ಜನರನ್ನು! ನಮ್ಮ ಶಾಲೆಯಲ್ಲಿ ಸಮವಸ್ತ್ರದ ಅಳತೆಗೆ ಇದಕ್ಕಿಂತ ಹೆಚ್ಚು ಮಕ್ಕಳನ್ನು ನಿಲ್ಲಿಸುತ್ತಿದ್ದೆವು. ಒಂದೇ ತೂಕದ ಇಬ್ಬರಿಗೆ ಒಂದೇ ಪ್ರಮಾಣದ ಔಷಧ ಸಿಗುತ್ತದೆ; ಮಾಂಸ ಕಡಿಮೆಯಿರುವವಳಿಗೆ ಅದು ಅತಿಯಾಗಬಹುದು. 2009ರಲ್ಲಿ ಪ್ರಾಡೊ ತಂಡ, ಹರಡಿದ ಸ್ತನ ಕ್ಯಾನ್ಸರಿಗೆ ಕೆಪೆಸಿಟಬೀನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದ 55 ಹೆಂಗಸರನ್ನು ನೋಡಿತು. ಮಾಂಸಖಂಡ ಕಡಿಮೆಯಿದ್ದವರಲ್ಲಿ ಅರ್ಧದಷ್ಟು ಜನಕ್ಕೆ ಔಷಧದ ವಿಷಪರಿಣಾಮವಾಗಿತ್ತು. ಉಳಿದವರಲ್ಲಿ ಐದರಲ್ಲಿ ಒಬ್ಬರಿಗೆ. ಅಕ್ಕನಿಗೆ ಮೂರನೆಯ ಕೀಮೋ ಆದ ಮೇಲೆ ಬಾಯೆಲ್ಲ ಹುಣ್ಣಾಗಿ ಎಂಟು ದಿನ ಮಜ್ಜಿಗೆಯೂ ಇಳಿಯಲಿಲ್ಲ. ಅದು ಇದರಿಂದಲೇ ಎಂದು ಹೇಳಲು ನನಗೆ ಅಧಿಕಾರವಿಲ್ಲ.

ಅಲ್ಲಿಂದ ಮುಂದೆ ಅಧ್ಯಯನಗಳು ಸಾಲುಗಟ್ಟಿದವು. 2011ರಲ್ಲಿ ಎಡಿನ್‌ಬರೋದ ಕೆನೆತ್ ಫಿಯರನ್ ಮುಂದಾಳುತನದಲ್ಲಿ ತಜ್ಞರು ಕೂಡಿ ಆ ಹಳೆಯ ಕ್ಯಾಕೆಕ್ಸಿಯಕ್ಕೆ ಹೊಸ ವ್ಯಾಖ್ಯೆ ಕೊಟ್ಟಾಗ, ಅದರ ನಡುವೆ ಇಟ್ಟದ್ದು ಮಾಂಸಖಂಡದ ನಷ್ಟವನ್ನೇ. ಕೊಬ್ಬು ಕರಗಲಿ ಬಿಡಲಿ. 2013ರಲ್ಲಿ, ನಮ್ಮಕ್ಕ ತಕ್ಕಡಿ ಹತ್ತಿ ಇಳಿಯುತ್ತಿದ್ದ ವರ್ಷವೇ, ಎಡ್ಮಂಟನ್ನಿನಿಂದ 1,473 ರೋಗಿಗಳ ವರದಿ ಬಂತು. ತೂಕ ಇಳಿದದ್ದು, ಮಾಂಸಖಂಡ ಕಡಿಮೆಯಿದ್ದದ್ದು, ಇದ್ದ ಮಾಂಸದೊಳಗೂ ಕೊಬ್ಬು ಸೇರಿ ಅದರ ಸಾಂದ್ರತೆ ಕುಗ್ಗಿದ್ದು, ಈ ಮೂರೂ ಇದ್ದವರು ಸಣ್ಣಗಿರಲಿ ದಪ್ಪಗಿರಲಿ ಬದುಕಿದ್ದು ಸುಮಾರು 8.4 ತಿಂಗಳು. ಮೂರೂ ಇಲ್ಲದವರು 28.4 ತಿಂಗಳು. 2018ರಲ್ಲಿ ಅಮೆರಿಕದ ಬೆಟ್ ಕಾನ್ ಮತ್ತು ಸಂಗಡಿಗರು, ಹರಡದಿದ್ದ ಸ್ತನ ಕ್ಯಾನ್ಸರಿನ 3,241 ಹೆಂಗಸರ ಲೆಕ್ಕ ಕೊಟ್ಟರು. ಸರಾಸರಿ ವಯಸ್ಸು 54, ಹೆಚ್ಚುಕಡಿಮೆ ನನ್ನದೇ. ಅವರಲ್ಲಿ ಮೂರರಲ್ಲಿ ಒಬ್ಬಳಿಗೆ ರೋಗ ಪತ್ತೆಯಾದಾಗಲೇ ಮಾಂಸಖಂಡ ಕಡಿಮೆಯಿತ್ತು. ಅಂಥವರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಶೇಕಡಾ 41ರಷ್ಟು ಹೆಚ್ಚು. ಬಿ.ಎಂ.ಐ. ಮಾತ್ರ ಯಾರು ಉಳಿಯುವರು, ಯಾರು ಇಲ್ಲ ಎಂಬುದನ್ನು ಹೇಳಲಿಲ್ಲ.

ಕೆನಡಾದವರ ಗಡಿ ನಮಗೆ ಹೊಂದುತ್ತದೆಯೇ ಎಂದು ನೀವು ಕೇಳಬಹುದು. ನನಗೂ ಬಂದ ಅನುಮಾನವೇ. ನಮ್ಮ ಮೈಯ ಹದವೇ ಬೇರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರೂ ಅಕ್ಕಪಕ್ಕ ನಿಂತು ಫೋಟೊ ತೆಗೆಸಿಕೊಂಡು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಇಂಗ್ಲಿಷಿನವರ ಮೈಯಲ್ಲಿ ಕೊಬ್ಬು ಶೇಕಡಾ 9.1, ನಮ್ಮವರ ಮೈಯಲ್ಲಿ 21.2. ಅಂಗಿಯ ಮೇಲೆ ಇಬ್ಬರೂ ಸಣ್ಣಗೇ ಕಾಣುತ್ತಾರೆ. ಇದು ಹುಟ್ಟಿನಿಂದಲೇ ಬರುತ್ತದೆಯೆಂದು ತೋರಿಸಿದ್ದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಂದಿಗೆ ಹೋಲಿಸಿದಾಗ, ನಮ್ಮವು ತೂಕದಲ್ಲಿ ಕಡಿಮೆಯಿದ್ದರೂ ಬೆನ್ನಿನ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಕಡಿಮೆಯಿರಲಿಲ್ಲ. ಹಾಗಾಗಿ ಆ 38.5 ನಮ್ಮ ಹೆಂಗಸರಿಗೆ ಹಾಕಿದ ಗಡಿಯಲ್ಲ. ಅದನ್ನು ನಮ್ಮವರ ಮೇಲೆ ಹೊರಿಸುವಾಗ ಎಚ್ಚರ ಬೇಕು. ಆದರೆ ಕಣ್ಣಿಗೂ ತಕ್ಕಡಿಗೂ ಮೋಸ ಹೋಗುವ ಸಾಧ್ಯತೆ ನಮ್ಮಲ್ಲಿ ಹೆಚ್ಚೇ ಹೊರತು ಕಡಿಮೆಯಲ್ಲ.

ಕಳೆದುಕೊಂಡದ್ದನ್ನು ತುಂಬಿಕೊಟ್ಟರೆ ಆಯುಸ್ಸು ಬರುತ್ತದೆಯೇ? ಇಲ್ಲಿ ಆಸೆಗಿಂತ ಸತ್ಯ ಸ್ವಲ್ಪ ಹಿಂದೆ ನಡೆಯುತ್ತಿದೆ. ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಒಂದು ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂ ಪ್ರೋಟೀನು ಕೊಡಿ, ರೋಗಿಯನ್ನು ಓಡಾಡಿಸಿ, ಎನ್ನುತ್ತದೆ ಯುರೋಪಿನ ಪೌಷ್ಟಿಕ ತಜ್ಞರ ಮಾರ್ಗಸೂಚಿ. ಆದರೆ ಆಹಾರ, ವ್ಯಾಯಾಮ, ಉರಿಯೂತ ತಗ್ಗಿಸುವ ಮಾತ್ರೆ ಮೂರನ್ನೂ ಕೂಡಿಸಿ ನಡೆಸಿದ ಮೆನಾಕ್ ಎಂಬ ಪ್ರಯೋಗದ ಫಲಿತಾಂಶ 2024ರಲ್ಲಿ ಬಂದಾಗ, ತೂಕ ನಿಂತಿತ್ತು, ಮಾಂಸಖಂಡದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಹಸಿವನ್ನು ಕೊಲ್ಲುವ ಒಂದು ರಾಸಾಯನಿಕವನ್ನು ತಡೆಯುವ ಪೊನ್ಸೆಗ್ರೊಮ್ಯಾಬ್ ಎಂಬ ಇಂಜೆಕ್ಷನ್ 187 ರೋಗಿಗಳಲ್ಲಿ ತೂಕ ಏರಿಸಿತೆಂಬ ವರದಿ ಬಂತು. 2025ರಲ್ಲಿ, ಕರುಳಿನ ಕ್ಯಾನ್ಸರಿಗೆ ಆಪರೇಷನ್ನು, ಕೀಮೋ ಮುಗಿಸಿದ 889 ಜನರ ಪ್ರಯೋಗವೊಂದು, ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದವರಲ್ಲಿ ಎಂಟು ವರ್ಷದ ನಂತರ ಶೇಕಡಾ 90 ಜನ, ಬರೀ ಪುಸ್ತಿಕೆ ಕೊಟ್ಟು ಕಳಿಸಿದವರಲ್ಲಿ ಶೇಕಡಾ 83 ಜನ ಬದುಕಿದ್ದರೆಂದು ತೋರಿಸಿತು. ಅದು ಮಾಂಸಖಂಡದಿಂದಲೇ ಆಯಿತೆಂದು ಅರ್ಥವಲ್ಲ.

ನಾವು ಅಕ್ಕನಿಗೆ ಮಾಡಿದ್ದೇನು? ಕೈಯಿಂದ ಪೊರಕೆ ಕಿತ್ತುಕೊಂಡೆವು. ಹೂ ಗಿಡಕ್ಕೆ ನೀರು ಹಾಕಲು ಎದ್ದರೂ "ಮಲ್ಕೋ ಅಕ್ಕಾ, ನಾನಿಲ್ವೇ" ಎಂದೆ. ಬೇಳೆ ವಾಯು, ಮೊಸರು ಶೀತ, ಕಾಳು ಅಜೀರ್ಣ ಎಂದು ಒಂದೊಂದನ್ನೇ ಬಿಡಿಸಿ ಗಂಜಿ, ಎಳನೀರು, ಗ್ಲೂಕೋಸಿನ ಮೇಲೆ ಇಟ್ಟೆ. ಆಸ್ಪತ್ರೆಯಲ್ಲಿ ಊಟದ ಚೀಟಿಯೊಂದನ್ನು ಕೊಟ್ಟಿದ್ದರು. ಅದರಲ್ಲಿ ಮೊದಲನೆಯದೇ ಮೊಟ್ಟೆಯಾದ್ದರಿಂದ ಮುಂದಿನದನ್ನು ಓದದೆ ಮಡಿಸಿ ಫೈಲಿನಲ್ಲಿಟ್ಟೆ. ಈಚೆಗೆ ತೆಗೆದು ನೋಡಿದೆ; ಎರಡನೆಯ ಸಾಲಿನಿಂದ ಹೆಸರುಕಾಳು, ಕಡಲೆ, ಸೋಯಾ, ಹಾಲು, ಪನೀರು. ಅಕ್ಕ ಒಂದೇ ಒಂದು ಸಲ ಜಗಳವಾಡಿದ್ದಳು. "ಏ ಹುಡುಗಿ, ನಂಗೆ ಒಂದು ಚಟ್ನಿ ಅರೆಯೋಕಾದ್ರೂ ಬಿಡೇ, ಕೈ ಜೋಮು ಹಿಡೀತಿದೆ" ಎಂದು. ನಾನು ಬಿಡಲಿಲ್ಲ.

ನಮ್ಮ ತಮ್ಮನ ಮಗಳು ಈಗ ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೆಕ್ನಿಷಿಯನ್. ಹೋದ ಬೇಸಿಗೆಯಲ್ಲಿ ಮನೆಗೆ ಬಂದಿದ್ದಾಗ ಬೀರುವಿನಿಂದ ಅಕ್ಕನ ಆ ದೊಡ್ಡ ಕವರುಗಳನ್ನು ತೆಗೆದುಕೊಟ್ಟೆ. ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ಅವಳು ಮಣಿಗಳನ್ನು ಎಣಿಸಿ, "ಇದು ಮೂರನೇದು ಅತ್ತೆ" ಎಂದು ತೋರಿಸಿದಳು. ನಡುವೆ ಬೆಳ್ಳಗೆ ಬೆನ್ನೆಲುಬು, ಅದರ ಎರಡು ಪಕ್ಕಕ್ಕೂ ಹಿಂದಕ್ಕೂ ತಿಳಿ ಬೂದಿಯ ಮಾಂಸ, ಹೊರಗೆಲ್ಲ ಅಗಲವಾಗಿ ಕಪ್ಪು ಬೂದಿಯ ಕೊಬ್ಬು. ವರದಿಯ ಕಾಗದದಲ್ಲಿ ಯಕೃತ್ತು, ಮೂತ್ರಕೋಶ, ಗ್ರಂಥಿಗಳು ಎಲ್ಲದರ ಬಗ್ಗೆಯೂ ಒಂದೊಂದು ಸಾಲು. ಈ ತಿಳಿ ಬೂದಿಯ ಬಗ್ಗೆ ಇಲ್ಲ. ಆಗ ಯಾರೂ ಬರೆಯುತ್ತಿರಲಿಲ್ಲ, ಈಗಲೂ ಬಹಳ ಕಡೆ ಬರೆಯುವುದಿಲ್ಲ ಎಂದಳು. ಕವರಿನೊಳಗೆ ಸಿ.ಡಿ.ಗಳಿದ್ದವು. "ಅಳೆದು ಕೊಡಲೇ?" ಎಂದಳು. ಒಂದು ವಾರ ಯೋಚಿಸಿ ಆಗಲಿ ಎಂದೆ.

ಎರಡು ಸ್ಕ್ಯಾನಿನದೂ ಅಳೆದು ಫೋನು ಮಾಡಿದಳು. ಆಪರೇಷನ್ನಿಗೆ ಮೊದಲು ತೆಗೆದದ್ದರಲ್ಲಿ 86. ಅಂದರೆ ಅಕ್ಕ ಇನ್ನೂ ದೋಸೆಗೆ ರುಬ್ಬುತ್ತ, ಎಲ್ಲರನ್ನೂ ಗದರುತ್ತ, 72 ಕಿಲೋ ತೂಗುತ್ತಿದ್ದಾಗಲೇ, ನನ್ನ ಗಂಜಿಗೂ ಮೊದಲೇ, ಆ ಗೆರೆಯ ಕೆಳಗಿದ್ದಳು. ಏಳು ತಿಂಗಳ ಮೇಲೆ, ಮದುವೆ ಆದ ಮೇಲೆ ತೆಗೆದದ್ದರಲ್ಲಿ 74. ತೂಕ 71.

86ಕ್ಕೂ 74ಕ್ಕೂ ನಡುವಿನ ಹನ್ನೆರಡರಲ್ಲಿ ಕಾಯಿಲೆಯದೆಷ್ಟು, ಕೀಮೋದ್ದೆಷ್ಟು, ನನ್ನದೆಷ್ಟು ಎಂದು ಅವಳನ್ನು ಕೇಳಿದೆ.

"ಅದು ಸ್ಕ್ಯಾನಲ್ಲಿ ಬರೋಲ್ಲ ಅತ್ತೆ" ಎಂದಳು.